ಸ್ಲಿಪ್ ಆನ್ ಸೈಲೆನ್ಸರ್ ಹಾಕ್ಸಿದ್ರೆ ರೀಮ್ಯಾಪ್ ಬೇಕೇ ಬೇಕಾ? ಪಿಕಪ್ ಹೋಗುತ್ತಾ?

ಎರಡನೇ_ಗೇರ್
ಎಲ್ಲರಿಗೂ ನಮಸ್ಕಾರ. ಬೈಕ್ 400 ಸಿಸಿ, ಎರಡು ಸಿಲಿಂಡರ್, ಫ್ಯೂಯಲ್ ಇಂಜೆಕ್ಷನ್, 180 ಡಿಗ್ರಿ ಕ್ರ್ಯಾಂಕ್. ಕಂಪನಿ ಸೈಲೆನ್ಸರ್ ನೋಡೋಕೂ ಚೆನ್ನಾಗಿಲ್ಲ, ಎತ್ತಿದ್ರೆ ಭಾರ, ಶಬ್ದವಂತೂ ಹೊಲಿಗೆ ಮಿಷನ್. ಸ್ಲಿಪ್ ಆನ್ (ಹಿಂದಿನ ಡಬ್ಬ ಮಾತ್ರ ಬದಲಾಯಿಸೋದು) ಹಾಕ್ಸೋಣ ಅಂತ ಹೊರಟ್ರೆ ಮೂರು ಜನ ಮೂರು ಮಾತು. ಒಬ್ಬ ಮೆಕ್ಯಾನಿಕ್, ಇಸಿಯು (ಇಂಜಿನ್ ಕಂಪ್ಯೂಟರ್) ರೀಮ್ಯಾಪ್ ಮಾಡಿಸದೆ, ಅಂದ್ರೆ ಅದರ ಪೆಟ್ರೋಲ್ ಲೆಕ್ಕ ಹೊಸದಾಗಿ ಬರೆಸದೆ, ಹಾಕಿದ್ರೆ ಇಂಜಿನ್ ಪೆಟ್ರೋಲ್ ಕಮ್ಮಿಯಾಗಿ ಲೀನ್ ಓಡಿ ವಾಲ್ವ್ ಸುಟ್ಟುಹೋಗುತ್ತೆ ಅಂತಾನೆ. ಇನ್ನೊಬ್ಬ, ಏನೂ ಬೇಡ, ಒಂದು ಕ್ಲಾಂಪ್ ಒಂದು ಬೋಲ್ಟ್, ಅರ್ಧ ಗಂಟೆ ಕೆಲಸ ಅಂತಾನೆ. ನಮ್ಮ ಭಾವ ಬೇರೆ, ಬ್ಯಾಕ್ ಪ್ರೆಶರ್ (ಹೊರಹೋಗೋ ಹೊಗೆಗೆ ಎದುರಾಗೋ ಒತ್ತಡ) ಹೋಗಿ ಪಿಕಪ್ ಸತ್ತುಹೋಗುತ್ತೆ ಅಂತ ಹೆದರಿಸಿಟ್ಟಿದ್ದಾರೆ.

ಹೊಗೆಯ ವಿಷ ಕಮ್ಮಿ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ಇಂಜಿನ್ ಕೆಳಗೆ ಬೆಂಡ್ ಪೈಪಲ್ಲೇ ಇದೆ, ಅದನ್ನ ಮುಟ್ಟಲ್ಲ. ಆಕ್ಸಿಜನ್ ಸೆನ್ಸರ್ ಅದಕ್ಕೂ ಮುಂಚೆ ಇದೆ. ನನಗೆ ಬೇಕಾಗಿರೋದು ಸ್ವಲ್ಪ ಗಟ್ಟಿ ದನಿ, ಬೀದಿಯವರೆಲ್ಲ ಎದ್ದು ಕೂರೋ ಅಂಥದ್ದಲ್ಲ. ಹಾಕಿಸಿದವರು ಯಾರಾದ್ರೂ ಹೇಳಿ.

ನಟ್ಟುಬೋಲ್ಟು
ಕಂಪನಿದೇ ಇರಲಿ ಬಿಡಿ. ಮುಗೀತು.

ರಾತ್ರಿ_ಸವಾರ
ಮೊದಲನೇ ಉತ್ತರದಲ್ಲೇ ತಣ್ಣೀರು ಎರಚಿಬಿಟ್ರಲ್ಲ ಗುರುಗಳೇ 😄

ಗ್ಯಾರೇಜ್_ಗಣಿ
ಮೂರೂ ಜನ ಪೂರ್ತಿ ಸುಳ್ಳೂ ಹೇಳ್ತಿಲ್ಲ, ಪೂರ್ತಿ ನಿಜಾನೂ ಹೇಳ್ತಿಲ್ಲ.

ನಿಮ್ಮ ಬೈಕಲ್ಲಿ ಹೊಗೆಗೆ ಜಾಸ್ತಿ ಅಡ್ಡ ಬರೋದು ಕ್ಯಾಟ್. ಅದು ಇದ್ದಲ್ಲೇ ಇದ್ರೆ, ಹಿಂದಿನ ಡಬ್ಬ ಬದಲಾಯಿಸಿದ್ದಕ್ಕೆ ಇಂಜಿನ್‌ಗೆ ದೊಡ್ಡ ವ್ಯತ್ಯಾಸ ಆಗಲ್ಲ. ಒಂದೇ ಸ್ಪೀಡಲ್ಲಿ ಆರಾಮಾಗಿ ಹೋಗ್ತಿರುವಾಗ ಇಸಿಯು ಆಕ್ಸಿಜನ್ ಸೆನ್ಸರ್ ನೋಡ್ಕೊಂಡು ಪೆಟ್ರೋಲ್ ಹೆಚ್ಚುಕಡಿಮೆ ಮಾಡ್ತಾನೇ ಇರುತ್ತೆ. ತೂಕದ ಲೆಕ್ಕದಲ್ಲಿ ಪೆಟ್ರೋಲ್ 1 ಪಾಲು, ಗಾಳಿ 14.7 ಪಾಲು, ಅದರ ಆಸುಪಾಸಲ್ಲೇ ಇಟ್ಕೊಳ್ಳುತ್ತೆ. ಸಣ್ಣಪುಟ್ಟ ಬದಲಾವಣೆ ಆದ್ರೆ ತಾನೇ ಸರಿ ಮಾಡ್ಕೊಳ್ಳುತ್ತೆ. ಪೂರ್ತಿ ಆಕ್ಸಿಲರೇಟರ್ ತಿರುಗಿಸಿದಾಗ ಮಾತ್ರ ಸೆನ್ಸರ್ ಮಾತು ಕೇಳಲ್ಲ, ಕಂಪನಿ ಬರೆದಿಟ್ಟ ಟೇಬಲ್ ಪ್ರಕಾರ ಸುರಿಯುತ್ತೆ. ಆ ಟೇಬಲ್ ಹೇಗೂ ರಿಚ್ ಕಡೆಗೇ, ಅಂದ್ರೆ ಪೆಟ್ರೋಲ್ ಜಾಸ್ತಿ ಇರೋ ಕಡೆಗೇ ಇರುತ್ತೆ, ಗಾಳಿ ಸುಮಾರು 13 ಪಾಲಿನ ಹತ್ತಿರ. ಬರೀ ಸ್ಲಿಪ್ ಆನ್ ಹಾಕಿ ವಾಲ್ವ್ ಸುಟ್ಟ ಬೈಕು ನನ್ನ ಕೈಗಂತೂ ಬಂದಿಲ್ಲ.

ಕ್ಯಾಟ್ ಕಿತ್ತು ಫುಲ್ ಸಿಸ್ಟಮ್ (ಇಂಜಿನ್‌ನಿಂದ ಹಿಂದಿನವರೆಗೆ ಪೂರ್ತಿ ಪೈಪ್) ಹಾಕಿ, ಜತೆಗೆ ಏರ್ ಫಿಲ್ಟರೂ ಬದಲಾಯಿಸ್ತೀರಿ ಅಂದ್ರೆ ಕತೆಯೇ ಬೇರೆ. ಎಷ್ಟೋ ಕಾರುಗಳಲ್ಲಿ ಒಳಗೆ ಹೋಗೋ ಗಾಳಿಯನ್ನೇ ಅಳೆಯೋ ಸೆನ್ಸರ್ ಇರುತ್ತೆ, ಬೈಕುಗಳಲ್ಲಿ ಸಾಮಾನ್ಯವಾಗಿ ಇರಲ್ಲ. ಥ್ರಾಟಲ್ ಎಷ್ಟು ತೆರೆದಿದೆ, ಆರ್‌ಪಿಎಂ ಎಷ್ಟು, ಇಂಟೇಕಲ್ಲಿ ಪ್ರೆಶರ್ ಎಷ್ಟು ಅಂತ ನೋಡಿ ಅಂದಾಜು ಹಾಕೋದು ಅಷ್ಟೇ. ಇಂಜಿನ್ ಉಸಿರಾಡೋ ರೀತಿಯೇ ಬದಲಾದ್ರೆ ಆ ಅಂದಾಜು ತಪ್ಪುತ್ತೆ. ಆಗ ಡೈನೋ (ಪವರ್ ಅಳೆಯೋ ಯಂತ್ರ) ಮೇಲೆ ನಿಲ್ಲಿಸಿ ಮ್ಯಾಪ್ ಬರೆಸಲೇಬೇಕು. ಅದೂ ಅಲ್ಲದೆ ಕ್ಯಾಟ್ ಇಲ್ಲದ ಬೈಕು ಹೊಗೆ ತಪಾಸಣೆಯಲ್ಲಿ ಪಾಸಾಗೋದು ಕಷ್ಟ.

ಸ್ಲಿಪ್ ಆನ್‌ನಿಂದ ಪವರ್ ಸಿಗುತ್ತೆ ಅಂತ ಆಸೆ ಇಟ್ಕೊಂಡಿದ್ರೆ ಈಗಲೇ ಬಿಟ್ಟುಬಿಡಿ. ಸಿಗೋದು ತೂಕ ಇಳಿಕೆ, ಶಬ್ದ, ನೋಟ. ಅಷ್ಟಕ್ಕೆ ಒಪ್ಪಿಗೆ ಇದ್ರೆ ಹಾಕ್ಸಿ.

ಹಳೇ_ಕಾರ್ಬು
ಗಣಿಯವರೇ, ನೀವು ಕಂಪ್ಯೂಟರ್ ಕಾಲದವರು. ಕಾರ್ಬುರೇಟರ್ ಗಾಡಿಗಳಲ್ಲಿ ಬ್ಯಾಫಲ್ (ಸೈಲೆನ್ಸರ್ ಒಳಗೆ ಶಬ್ದ ತಗ್ಗಿಸೋ ತಡೆ) ಕಿತ್ತ ಎಷ್ಟು ಜನರನ್ನ ನೋಡಿಲ್ಲ ನಾವು! ಶಬ್ದ ಆಕಾಶಕ್ಕೆ, ಗಾಡಿ ಮಾತ್ರ ಏರಿನಲ್ಲಿ ಎರಡನೇ ಗೇರಿಗೂ ಮುಕ್ಕಿರಿಯೋದು. ಕಾರ್ಬುರೇಟರಲ್ಲಿ ಪೆಟ್ರೋಲ್ ಬಿಡೋ ಮೇನ್ ಜೆಟ್ ಒಂದು ಸೈಜ್ ಮೇಲೆ ಹಾಕಿ, ನೀಡಲ್ ಒಂದು ಕಚ್ಚು ಎತ್ತಿ, ಪ್ಲಗ್ ಬಣ್ಣ ನೋಡಿ, ಏನೇ ಮಾಡಿದ್ರೂ ಕೆಳಗಿನ ಎಳೆತ ಪೂರ್ತಿ ವಾಪಸ್ ಬರ್ತಿರಲಿಲ್ಲ. ಬ್ಯಾಕ್ ಪ್ರೆಶರ್ ಇರಲೇಬೇಕು. ಆ ಭಾವನವರು ಹೇಳಿದ್ದೇ ಸರಿ.

ತರಂಗ
ಕಂಡಿದ್ದು ನಿಜ, ಹೇಳಿದ ಕಾರಣ ತಪ್ಪು.

ಹೊಗೆಯನ್ನ ತಡೆದು ನಿಲ್ಲಿಸಿದ್ರೆ ಯಾವ ಇಂಜಿನ್‌ಗೂ ಲಾಭ ಇಲ್ಲ, ಪಿಸ್ಟನ್ ತನ್ನ ಶಕ್ತಿ ಖರ್ಚು ಮಾಡಿ ಅದನ್ನ ತಳ್ಳಬೇಕಾಗುತ್ತೆ. ಆಟ ಇರೋದು ಅಲೆಗಳಲ್ಲಿ. ಎಕ್ಸಾಸ್ಟ್ ವಾಲ್ವ್ ತೆರೆದ ಕ್ಷಣ ಪೈಪಲ್ಲಿ ಒಂದು ಒತ್ತಡದ ಅಲೆ ಹೊರಡುತ್ತೆ. ಬಿಸಿ ಹೊಗೆಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 500 ಮೀಟರ್. ಪೈಪ್ ಇದ್ದಕ್ಕಿದ್ದಂತೆ ಅಗಲವಾಗೋ ಜಾಗದಲ್ಲಿ ಅದು ತಿರುಗಿಕೊಂಡು, ಒತ್ತಡ ಕಡಿಮೆ ಇರೋ ಅಲೆಯಾಗಿ ವಾಪಸ್ ಬರುತ್ತೆ. ಇಂಟೇಕ್, ಎಕ್ಸಾಸ್ಟ್ ಎರಡೂ ವಾಲ್ವ್ ಚೂರು ಹೊತ್ತು ಒಟ್ಟಿಗೆ ತೆರೆದಿರುತ್ತಲ್ಲ, ಸರಿಯಾಗಿ ಆಗ ಬಂದು ತಲುಪಿದ್ರೆ ಒಳಗೆ ಉಳಿದ ಹೊಗೆಯನ್ನ ಎಳೆದುಹಾಕಿ ಹೊಸ ಗಾಳಿಗೆ ಜಾಗ ಮಾಡಿಕೊಡುತ್ತೆ. ಹೊತ್ತು ತಪ್ಪಿ ಬಂದ್ರೆ ಹೊಗೆಯನ್ನ ಒಳಕ್ಕೇ ತಳ್ಳುತ್ತೆ. ಕಂಪನಿಯವರು ಈ ಲೆಕ್ಕವನ್ನ ದಿನಾ ಓಡಿಸೋ ಆರ್‌ಪಿಎಂಗೆ ಹೊಂದಿಸಿರ್ತಾರೆ. ಬ್ಯಾಫಲ್ ಕಿತ್ತಾಗ, ಬೇಕಾಬಿಟ್ಟಿ ದಪ್ಪ ಪೈಪ್ ಹಾಕಿದಾಗ ಕೆಡೋದು ಆ ಹೊಂದಾಣಿಕೆ.

ಹಳೇ_ಕಾರ್ಬು
ಕಾರಣ ಯಾವುದಾದ್ರೂ ಆಗ್ಲಿ ಸ್ವಾಮಿ. ಬ್ಯಾಫಲ್ ಕಿತ್ರೆ ಪಿಕಪ್ ಹೋಗುತ್ತೆ ಅಂದಿದ್ದು ನಿಜ ತಾನೇ? ನನಗಷ್ಟು ಸಾಕು.

ತರಂಗ
ಸಾಲದು. ಬ್ಯಾಕ್ ಪ್ರೆಶರ್ ಬೇಕು ಅಂತ ಸೈಲೆನ್ಸರ್ ಬಾಯಿಗೆ ತೂತು ಕೊರೆದ ತಗಡು ಬೆಸುಗೆ ಹಾಕಿಸಿದವರನ್ನ ನೋಡಿದ್ದೀನಿ. ಇಂಜಿನ್ ಇನ್ನೂ ಬಿಸಿ, ಪಿಕಪ್ ಇನ್ನೂ ಕಮ್ಮಿ.

ಸಂಜೀಮುಂದ
ನಡುವ ಬಾಯಿ ಹಾಕ್ತೀನಿ, ಸಿಟ್ಟಾಗಬ್ಯಾಡ್ರಿ. ಟೂ ಸ್ಟ್ರೋಕ್ ಗಾಡಿಗೆ ಏನಂತೀರಿ? ನಮ್ಮ ಕಾಕಾ ಹಳೇ ಗಾಡಿಗೆ ಬ್ಯಾರೆ ಮಾಡೆಲಿನ ಸೈಲೆನ್ಸರ್ ಹಾಕ್ಸ್ಯಾನ. ಆವತ್ತಿನಿಂದ ಗಾಡಿ ಎಳಿಯೂದ ಬಿಟ್ಟೈತಿ. ಜೆಟ್ ಬದ್ಲಿ ಮಾಡೇವಿ, ಪ್ಲಗ್ ಬದ್ಲಿ ಮಾಡೇವಿ, ಏನೂ ಆಗವಲ್ತು.

ತರಂಗ
ಜೆಟ್ ಬದಲಾಯಿಸಿ ಪ್ರಯೋಜನ ಇಲ್ಲ. ಟೂ ಸ್ಟ್ರೋಕಲ್ಲಿ ಆ ಹೊಟ್ಟೆ ಉಬ್ಬಿದ ಪೈಪು ಇಂಜಿನ್‌ನದೇ ಭಾಗ. ವಾಲ್ವ್ ಇಲ್ಲದ ಕಾರಣ ಎಕ್ಸಾಸ್ಟ್ ಪೋರ್ಟ್ ತೆರೆದಿರುವಾಗಲೇ ಹೊಸ ಪೆಟ್ರೋಲ್ ಗಾಳಿ ಒಳಗೆ ಬರುತ್ತೆ, ಅದರಲ್ಲಿ ಒಂದಷ್ಟು ನೇರ ಹೊರಗೇ ಓಡುತ್ತೆ. ಪೈಪಿನ ಅಗಲವಾಗ್ತಾ ಹೋಗೋ ಕೋನ್ ಮೊದಲು ಹೊಗೆಯನ್ನ ಎಳೆಯುತ್ತೆ. ಆಮೇಲೆ ಕಿರಿದಾಗೋ ಕೋನ್ ಒತ್ತಡದ ಅಲೆಯನ್ನ ವಾಪಸ್ ಕಳಿಸಿ, ಓಡಿಹೋಗ್ತಿದ್ದ ಪೆಟ್ರೋಲನ್ನ ಮತ್ತೆ ಸಿಲಿಂಡರ್ ಒಳಗೆ ನೂಕುತ್ತೆ. ಕೋನ್ ಉದ್ದ ಬೇರೆ ಆದ್ರೆ ಅಲೆ ಬರೋ ಹೊತ್ತೂ ಬೇರೆ. ಆ ಮಾಡೆಲ್ಲಿನದೇ ಪೈಪ್ ಹುಡುಕಿ. ಹಳೇದು ಮೂಲೆಯಲ್ಲಿ ಬಿದ್ದಿದ್ರೆ ಒಳಗಿನ ಕಾರ್ಬನ್ ತೆಗೆಸಿ ಅದನ್ನೇ ಹಾಕ್ಸಿ.

ಇದನ್ನ ಹದಕ್ಕೆ ತಂದವನು 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಝಡ್ ಕಂಪನಿಯಲ್ಲಿದ್ದ ವಾಲ್ಟರ್ ಕಾಡೆನ್. ಅವನ ರೈಡರ್ ಎರ್ನ್ಸ್ಟ್ ಡೆಗ್ನರ್ 1961ರಲ್ಲಿ ಸ್ವೀಡನ್ನಿನ ರೇಸಿಗೆ ಹೋದವನು ತನ್ನ ದೇಶಕ್ಕೆ ವಾಪಸ್ ಹೋಗಲೇ ಇಲ್ಲ. ಆ ವಿದ್ಯೆಯನ್ನೆಲ್ಲ ತಲೆಯಲ್ಲಿಟ್ಕೊಂಡು ಸುಜುಕಿ ಸೇರಿ, 1962ರಲ್ಲಿ 50 ಸಿಸಿ ವಿಭಾಗದ ವಿಶ್ವ ಚಾಂಪಿಯನ್ ಆದ.

ನಟ್ಟುಬೋಲ್ಟು
ಸ್ಲಿಪ್ ಆನ್ ಕೇಳಿದವರಿಗೆ ಶೀತಲ ಸಮರದ ಕತೆ. ಭೇಷ್.

ಸಂಜೀಮುಂದ
ಕತಿ ಛಲೋ ಐತಿ, ಇರ್ಲಿ ಬಿಡ್ರಿ. ಕಾಕಾಗ ಹೇಳ್ತೀನಿ, ಅಟ್ಟದ ಮ್ಯಾಲ ಹಳೇದ ಐತಿ.

ರಾತ್ರಿ_ಸವಾರ
ಎರಡನೇ_ಗೇರ್ ಅವರೇ, ಒಂದು ಮಾತು. ವಿಡಿಯೋ ನೋಡಿ ಸೈಲೆನ್ಸರ್ ಆರಿಸ್ಬೇಡಿ. ಮೊಬೈಲ್ ಮೈಕು ಜೋರು ಶಬ್ದವನ್ನ ತಾನೇ ತಗ್ಗಿಸುತ್ತೆ, ಕೆಳಗಿನ ಗುಡುಗು ಭಾಗ ಅದಕ್ಕೆ ಸರಿಯಾಗಿ ಸಿಗೋದೇ ಇಲ್ಲ. ಇನ್ನು ನಿಮ್ಮದು 180 ಡಿಗ್ರಿ ಕ್ರ್ಯಾಂಕ್. ಕ್ರ್ಯಾಂಕ್ ತಿರುಗೋ ಲೆಕ್ಕದಲ್ಲಿ ಒಂದು ಸಿಲಿಂಡರ್ ಹೊಡೆದ 180 ಡಿಗ್ರಿಗೆ ಇನ್ನೊಂದು, ಆಮೇಲೆ 540 ಡಿಗ್ರಿ ಖಾಲಿ. 270ರ ಕ್ರ್ಯಾಂಕಲ್ಲಿ ಅದು 270, 450. ಹಳೇ ಕಾಲದ 360ರಲ್ಲಿ ಎರಡೂ ಸಮ. ಯಾವ ಡಬ್ಬ ಹಾಕಿದ್ರೂ ಈ ತಾಳ ಬದಲಾಗಲ್ಲ, ದನಿ ಮಾತ್ರ ಬದಲಾಗುತ್ತೆ. ವಿ ಟ್ವಿನ್ (ವಿ ಆಕಾರದ ಎರಡು ಸಿಲಿಂಡರ್ ಇಂಜಿನ್) ಥರ ಗುಡುಗುಡು ಬರುತ್ತೆ ಅಂತ ಯಾರಾದ್ರೂ ಮಾರೋಕೆ ಬಂದ್ರೆ ನಂಬ್ಬೇಡಿ.

ಜೋರು ಇದ್ರೆ ಒಂದು ಲಾಭವಂತೂ ಇದೆ. ಕಾರಿನವರಿಗೆ ನಾವು ಪಕ್ಕದಲ್ಲಿರೋದು ಗೊತ್ತಾಗುತ್ತೆ. ಪ್ರಾಣ ಉಳಿಯುತ್ತೆ.

ಕಿವಿಮಾತು
ಈ ಪ್ರಾಣ ಉಳಿಯುವ ಕತೆಯನ್ನು ಎಷ್ಟು ಸಲ ಕೇಳುವುದು ಮಾರಾಯ್ರೆ! ಸೈಲೆನ್ಸರ್ ಬಾಯಿ ಇರುವುದು ಹಿಂದಕ್ಕೆ, ಗಂಡಾಂತರ ಬರುವುದು ಮುಂದಿನಿಂದ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ತಂಡದವರು 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟರು. ಮುಕ್ಕಾಲು ಪಾಲಿಗಿಂತ ಹೆಚ್ಚು ಅಪಾಯ ಇದ್ದದ್ದು ಸವಾರನ ನೇರ ಮುಂದಿನಿಂದ ಎಡಕ್ಕೆ, ಬಲಕ್ಕೆ 45 ಡಿಗ್ರಿಯೊಳಗೆ. ಅಡ್ಡ ತಿರುಗುವ ಕಾರಿನವನಿಗೆ ನಿಮ್ಮ ಶಬ್ದ ಸರಿಯಾಗಿ ಕೇಳುವುದು ನೀವು ಅವನನ್ನು ದಾಟಿದ ಮೇಲೆ. ಅದೂ ಗ್ಲಾಸ್ ಏರಿಸಿ ಹಾಡು ಹಾಕಿಕೊಂಡಿಲ್ಲದಿದ್ದರೆ.

ಕಿವಿ ಮಾತ್ರ ನಿಮ್ಮದೇ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ ಇಟ್ಟಿರುವ ಮಿತಿ 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧಕ್ಕೆ ಇಳಿಯುತ್ತದೆ. 94ಕ್ಕೆ ಒಂದು ಗಂಟೆ, 100ಕ್ಕೆ ಬರೀ 15 ನಿಮಿಷ. ವೇಗದಲ್ಲಿ ಹೋಗುವಾಗ ಹೆಲ್ಮೆಟ್ ಒಳಗಿನ ಗಾಳಿ ಶಬ್ದವೇ ಈ ಮಿತಿ ದಾಟುತ್ತದೆ, ಅದರ ಮೇಲೆ ಇದೊಂದು. ಸೈಲೆನ್ಸರ್ ತೆಗೆದುಕೊಳ್ಳುವವರು ಇಯರ್ ಪ್ಲಗ್ ಕೂಡ ತೆಗೆದುಕೊಳ್ಳಿ.

ರಾತ್ರಿ_ಸವಾರ
ವರದಿ ಇರ್ಲಿ ಅಕ್ಕ, ಲೇನ್ ಬಿಟ್ಟು ನನ್ನ ಕಡೆ ಬರ್ತಿದ್ದ ಕಾರು ಶಬ್ದ ಕೇಳಿ ವಾಪಸ್ ಸರಿದಿದ್ದು ನಾನೇ ಕಣ್ಣಾರೆ ನೋಡಿದ್ದೀನಿ.

ಕಿವಿಮಾತು
ಹಾರ್ನ್ ಹೊಡೆದಿದ್ದರೂ ಸರಿಯುತ್ತಿತ್ತು. ಹಾರ್ನ್ ಬಾಯಿ ಮುಂದಕ್ಕೇ ಉಂಟು.

ನಟ್ಟುಬೋಲ್ಟು
👏

ಫೈಲು_ಪತ್ರ
ದುಡ್ಡು ಕೊಡೋ ಮುಂಚೆ ಡಬ್ಬದ ಮೇಲೆ ಏನು ಕೊರೆದಿದೆ ನೋಡಿ. ವೃತ್ತದೊಳಗೆ ದೊಡ್ಡ ಇ ಅಕ್ಷರ, ಜತೆಗೊಂದು ನಂಬರ್ ಇದ್ರೆ ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ ನಿಯಮದ ಅನುಮೋದನೆ ಅಂತ. ನಂಬರ್ ಯಾವ ದೇಶ ಅನುಮೋದಿಸಿತು ಅನ್ನೋದು, 1 ಜರ್ಮನಿ, 2 ಫ್ರಾನ್ಸ್, 3 ಇಟಲಿ ಹೀಗೆ. ಬೈಕಿನ ಬದಲಿ ಸೈಲೆನ್ಸರ್‌ಗಳಿಗೆ ಅನ್ವಯಿಸೋದು ಅದರ 92ನೇ ನಿಯಮ. ಅನುಮೋದನೆ ಕೊಟ್ಟಿರೋದು ಇಂಥ ಮಾಡೆಲ್ ಬೈಕಿಗೆ ಅಂತ, ಅದೂ ಡಿಬಿ ಕಿಲ್ಲರ್ (ಡಬ್ಬದ ಬಾಯಲ್ಲಿ ಶಬ್ದ ತಗ್ಗಿಸೋ ತುಂಡು) ಒಳಗಿರುವಾಗ. ಅದೇ ಡಬ್ಬ ಬೇರೆ ಬೈಕಿಗೆ ಹಾಕಿದ್ರೆ, ಇಲ್ಲ ಕಿಲ್ಲರ್ ಕಿತ್ತು ಜೇಬಲ್ಲಿಟ್ಕೊಂಡ್ರೆ ಆ ಗುರುತಿಗೆ ಬೆಲೆ ಇಲ್ಲ. ಎಲ್ಲ ದೇಶಗಳೂ ಈ ಗುರುತನ್ನ ಒಪ್ಪಲ್ಲ, ನೀವಿರೋ ಕಡೆಯ ನಿಯಮ ನೋಡ್ಕೊಳ್ಳಿ. ಇನ್ಶೂರೆನ್ಸ್ ಪಾಲಿಸಿಯಲ್ಲಿ ಮಾರ್ಪಾಡಿನ ಬಗ್ಗೆ ಏನು ಬರೆದಿದೆ ಅಂತಲೂ ಓದಿ.

ರಾತ್ರಿ_ಸವಾರ
ಮೊಬೈಲ್ ಆಪಲ್ಲಿ ಅಳೆದುಕೊಂಡ್ರೆ ಸಾಕಲ್ವಾ?

ಫೈಲು_ಪತ್ರ
ಮಿತಿ ದಾಟಿದೆಯಾ ಇಲ್ವಾ ಅಂತ ತೀರ್ಮಾನ ಮಾಡೋಕೆ ಸಾಲದು. ನಿಂತ ಬೈಕಿನ ಪರೀಕ್ಷೆಗೆ ಮೈಕು ಸೈಲೆನ್ಸರ್ ಬಾಯಿಂದ ಅರ್ಧ ಮೀಟರ್ ದೂರ, 45 ಡಿಗ್ರಿ ಓರೆಯಲ್ಲಿ ಇರಬೇಕು. ಹೆಚ್ಚು ಆರ್‌ಪಿಎಂ ಓಡೋ ಇಂಜಿನ್ ಆದ್ರೆ ಗರಿಷ್ಠ ಪವರ್ ಬರೋ ಆರ್‌ಪಿಎಂನ ಅರ್ಧಕ್ಕೆ ಹಿಡಿದು ಅಳೀತಾರೆ. ಫೋನಿನ ಮೈಕು ಮಾತಾಡೋಕೆ ಮಾಡಿದ್ದು, ಅಷ್ಟು ಜೋರಿಗೆ ನಂಬೋ ಹಾಗಿಲ್ಲ. ಹಳೇದಕ್ಕೂ ಹೊಸದಕ್ಕೂ ಎಷ್ಟು ವ್ಯತ್ಯಾಸ ಅಂತ ಸುಮ್ನೆ ಹೋಲಿಸಿ ನೋಡೋಕೆ ಅಡ್ಡಿಯಿಲ್ಲ. 10 ಡೆಸಿಬೆಲ್ ಏರಿದ್ರೆ ಕಿವಿಗೆ ಹೆಚ್ಚುಕಡಿಮೆ ಎರಡು ಪಟ್ಟು ಜೋರು ಅನ್ಸುತ್ತೆ.

ಎರಡನೇ_ಗೇರ್
ಎಲ್ಲರಿಗೂ ಥ್ಯಾಂಕ್ಸ್. ತಗೊಂಡುಬಿಟ್ಟೆ. ಸ್ಟೀಲ್ ಡಬ್ಬ, ನನ್ನ ಮಾಡೆಲ್‌ಗೇ ಅನುಮೋದನೆ ಇದೆ, ಡಿಬಿ ಕಿಲ್ಲರ್ ಒಳಗೇ ಇರುತ್ತೆ. ಭಾನುವಾರ ನಾನೇ ಕೂರಿಸೋಣ ಅಂತಿದ್ದೀನಿ. ಏನೇನು ನೋಡ್ಕೋಬೇಕು?

ಗ್ಯಾರೇಜ್_ಗಣಿ
ಹಿಂದಿನ ರಾತ್ರಿಯೇ ಹಳೇ ಕ್ಲಾಂಪ್ ಬೋಲ್ಟಿಗೆ ತುಕ್ಕು ಬಿಡಿಸೋ ಎಣ್ಣೆ ಸಿಂಪಡಿಸಿಡಿ. ಡಬ್ಬವನ್ನ ನೇರ ಎಳೀಬೇಡಿ, ಎಡಕ್ಕೆ ಬಲಕ್ಕೆ ತಿರುಚ್ತಾ ಬನ್ನಿ, ಜಾರಿ ಬರುತ್ತೆ. ಬಂದಮೇಲೆ ಬಾಯೊಳಗೆ ನೋಡಿ. ಕಪ್ಪು ಗ್ರಾಫೈಟ್ ಗ್ಯಾಸ್ಕೆಟ್ ಉಂಗುರ ಒಂದು ಪೈಪಿಗೋ ಡಬ್ಬಕ್ಕೋ ಅಂಟಿಕೊಂಡಿರುತ್ತೆ. ಹೊಸ ಡಬ್ಬಕ್ಕೆ ಅದು ಬೇಕಾ ಬೇಡವಾ ಅಂತ ಕೈಪಿಡಿಯಲ್ಲಿ ಇರುತ್ತೆ. ಬೇಕಿದ್ರೆ ಹೊಸದು ಹಾಕಿ, ಹಳೇದು ಒಮ್ಮೆ ಅದುಮಿಕೊಂಡಮೇಲೆ ಮತ್ತೆ ಸೀಲ್ ಆಗಲ್ಲ. ಬೇಡ ಅಂತಿದ್ರೆ ಪೂರ್ತಿ ಕೆರೆದು ತೆಗೀರಿ.

ಹಳೇ ಡಬ್ಬ ನೇತುಹಾಕಿರೋ ಕಿವಿಯಲ್ಲಿ ರಬ್ಬರ್ ಬುಷ್, ಅದರೊಳಗೆ ಸ್ಟೀಲ್ ಕಾಲರ್ ಇರುತ್ತೆ. ಜನ ಅದನ್ನ ಹಳೇ ಡಬ್ಬದ ಜತೆಗೇ ಮೂಲೆಗೆ ಎಸೀತಾರೆ. ರಬ್ಬರ್ ಇಲ್ಲದೆ ಕಬ್ಬಿಣಕ್ಕೆ ಕಬ್ಬಿಣ ಬಿಗಿದ್ರೆ ನಡುಕಕ್ಕೆ ಬ್ರ್ಯಾಕೆಟ್ ಬಿರುಕು ಬಿಡುತ್ತೆ.

ಮೊದಲು ಎಲ್ಲವನ್ನೂ ಸಡಿಲವಾಗಿ ಸೇರಿಸಿ. ಡಬ್ಬ ತಾನಾಗೇ ಬಂದು ಬ್ರ್ಯಾಕೆಟ್ಟಿಗೆ ಕೂರಬೇಕು, ಎಳೆದು ಕೂರಿಸಬಾರದು. ನೇರ ಆಯ್ತು ಅಂದಮೇಲೆ ಇಂಜಿನ್ ಕಡೆಯಿಂದ ಹಿಂದಕ್ಕೆ ಬಿಗೀತಾ ಬನ್ನಿ. ಸ್ಟಾರ್ಟ್ ಮಾಡೋ ಮುಂಚೆ ಆಲ್ಕೋಹಾಲ್ ಹಾಕಿದ ಬಟ್ಟೆಯಲ್ಲಿ ಡಬ್ಬ ಪೂರ್ತಿ ಒರೆಸಿ, ಇಲ್ಲಾಂದ್ರೆ ಬೆರಳಚ್ಚಿನ ಎಣ್ಣೆ ಸುಟ್ಟು ಸ್ಟೀಲ್ ಮೇಲೆ ಕಲೆಯಾಗಿ ಉಳಿಯುತ್ತೆ. ಮೊದಲ ಸಲ ಸ್ವಲ್ಪ ಹೊಗೆ, ವಾಸನೆ ಬರುತ್ತೆ, ಗಾಬರಿ ಬೇಡ. ತಣ್ಣಗಾದ ಮೇಲೆ ಎಲ್ಲ ಬೋಲ್ಟ್ ಮತ್ತೆ ಬಿಗಿ ನೋಡಿ.

ಯಾರೂ ಹೇಳದ್ದು ಇನ್ನೊಂದು: ಸೆಂಟರ್ ಸ್ಟ್ಯಾಂಡ್ ಇದ್ರೆ ಅದು ಮೇಲೆದ್ದಾಗ ತಾಗಿ ನಿಲ್ಲೋ ರಬ್ಬರ್ ಎಷ್ಟೋ ಬೈಕುಗಳಲ್ಲಿ ಕಂಪನಿ ಸೈಲೆನ್ಸರ್ ಮೇಲೇ ಇರುತ್ತೆ. ಡಬ್ಬ ಹೋಯ್ತು, ರಬ್ಬರೂ ಹೋಯ್ತು. ಸ್ಟ್ಯಾಂಡ್ ಇನ್ನೂ ಮೇಲೆ ಹೋಗಿ ಚೈನಿಗೋ ಸ್ವಿಂಗ್ ಆರ್ಮಿಗೋ ಬಡಿಯುತ್ತೆ. ಕೆಲವು ಕಿಟ್‌ಗಳಲ್ಲಿ ಬೇರೆ ಸ್ಟಾಪರ್ ಕೊಟ್ಟಿರ್ತಾರೆ, ಪೊಟ್ಟಣ ಎಸೆಯೋ ಮುಂಚೆ ಹುಡುಕಿ.

ಹಳೇ_ಕಾರ್ಬು
ಇದಕ್ಕೆ ಮಾತ್ರ ಗಣಿಯವರಿಗೆ ಪೂರ್ತಿ ಅಂಕ. ನನ್ನದೂ ಎರಡು ಸೇರಿಸಿ. ಡಬ್ಬದ ತಳದಲ್ಲಿ ಸಣ್ಣ ತೂತು ಇದ್ರೆ ಲೀಕ್ ಅಂತ ಮುಚ್ಚಬೇಡಿ. ಒಂದು ಲೀಟರ್ ಪೆಟ್ರೋಲ್ ಉರಿದ್ರೆ ಸುಮಾರು ಒಂದು ಲೀಟರ್ ನೀರು ಹಬೆಯಾಗಿ ಹುಟ್ಟುತ್ತೆ. ಇಲ್ಲೇ ಅಂಗಡಿಗೆ ಹೋಗಿಬರೋ ಸವಾರಿಯಲ್ಲಿ ಸೈಲೆನ್ಸರ್ ಪೂರ್ತಿ ಕಾಯಲ್ಲ, ನೀರು ಒಳಗೇ ನಿಂತು ತುಕ್ಕು ಹಿಡಿಯುತ್ತೆ. ಇನ್ನೊಂದು, ಒಳಗಿನ ಗ್ಲಾಸ್ ವೂಲ್ ಕಾಲಕ್ರಮೇಣ ಸುಟ್ಟು ಉದುರುತ್ತೆ. ಶಬ್ದ ಒಡಕಲು ಆಗಿ, ಡಬ್ಬದ ಹೊರಮೈ ಅತಿಯಾಗಿ ಕಾಯೋಕೆ ಶುರುವಾದ್ರೆ ರಿವೆಟ್ ಕೊರೆದು ತೆಗೆದು ಹೊಸ ವೂಲ್ ತುಂಬಿಸಿ. ಕೈಗೆ ಗ್ಲೌಸ್, ಮೂಗಿಗೆ ಮಾಸ್ಕ್ ಇರಲಿ, ಆ ಎಳೆ ಚರ್ಮಕ್ಕೆ ಹತ್ತಿದ್ರೆ ತುರಿಕೆ ಬಿಡಲ್ಲ.

ಎರಡನೇ_ಗೇರ್
ಕೂರಿಸಿದೆ! ದನಿ ಬೇಕಿದ್ದ ಹಾಗೇ ಇದೆ. ಪಿಕಪ್ ಎಲ್ಲೂ ಹೋಗಿಲ್ಲ, ಭಾವ ಓಡಿಸಿ ನೋಡಿ ಏನೂ ಮಾತಾಡದೆ ಕೀ ಕೊಟ್ರು. ಒಂದೇ ತೊಂದರೆ: ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಕ್ ಟಕ್ ಅಂತ ಸಣ್ಣ ಶಬ್ದ, ಬಿಸಿ ಆದಮೇಲೆ ನಿಂತುಹೋಗುತ್ತೆ. ಆಕ್ಸಿಲರೇಟರ್ ಬಿಟ್ಟಾಗ ಪಟಪಟ ಅಂತ ಸಿಡಿಯೋದೂ ಇದೆ. ಇದು ಲೀನ್ ಅಂತಾನಾ?

ಗ್ಯಾರೇಜ್_ಗಣಿ
ಲೀಕ್. ತಣ್ಣಗಿದ್ದಾಗ ಸಂದಿ ಇರುತ್ತೆ, ಬಿಸಿಗೆ ಲೋಹ ಹಿಗ್ಗಿ ಮುಚ್ಚಿಕೊಳ್ಳುತ್ತೆ. ಜಾಯಿಂಟ್ ಸುತ್ತ ಟಾರ್ಚ್ ಹಾಕಿ ನೋಡಿ, ಕಪ್ಪು ಮಸಿಯ ಗೆರೆ ಎಲ್ಲಿದೆಯೋ ಅಲ್ಲೇ ಹೊಗೆ ಬರ್ತಿರೋದು. ಅಲ್ಲಿಂದ ಗಾಳಿ ಒಳಗೆ ನುಗ್ಗಿ ಉಳಿದ ಪೆಟ್ರೋಲ್ ಆವಿ ಹತ್ತಿಕೊಂಡ್ರೂ ಪಟಪಟ ಬರುತ್ತೆ. ಲೀಕ್ ಮುಚ್ಚಿದ ಮೇಲೂ ಚೂರು ಉಳಿದ್ರೆ ತಲೆ ಕೆಡಿಸ್ಕೋಬೇಡಿ. ಮೊದಲೂ ಸಿಡೀತಿತ್ತು, ಹಳೇ ಡಬ್ಬ ಅದನ್ನ ಕೇಳಿಸ್ತಿರಲಿಲ್ಲ.

ಎರಡನೇ_ಗೇರ್
ಮಸಿ ಗೆರೆ ಸಿಕ್ತು. ಡಬ್ಬದ ಬಾಯಲ್ಲಿ ಉದ್ದಕ್ಕೆ ಒಂದು ಸೀಳು ಇದೆಯಲ್ಲ, ಸರಿಯಾಗಿ ಅದರ ನೇರಕ್ಕೆ. ಕ್ಲಾಂಪ್ ಬೋಲ್ಟೂ ಅಲ್ಲೇ ಬಂದಿದೆ. ಸಿಲಿಕಾನ್ ಪೇಸ್ಟ್ ಮೆತ್ತಿಬಿಡ್ಲಾ?

ಗ್ಯಾರೇಜ್_ಗಣಿ
ಪೇಸ್ಟ್ ಆಮೇಲೆ. ಮೊದಲು ಕ್ಲಾಂಪ್ ಸಡಿಲ ಮಾಡಿ, ಅದರ ಬಾಯಿ ಸೀಳಿನ ಮೇಲೆ ಬಾರದ ಹಾಗೆ ತಿರುಗಿಸಿ, ಕ್ಲಾಂಪಿನ ಪಟ್ಟಿಯೇ ಸೀಳನ್ನ ಮುಚ್ಚಬೇಕು. ಡಬ್ಬವನ್ನ ಇನ್ನೊಂದು ಚೂರು ಒಳಕ್ಕೆ ತಳ್ಳಿ, ಸೀಳಿನ ತುದಿ ದಾಟಿ ಪೈಪ್ ಒಳಗಿರಲಿ. ಬೋಲ್ಟಿನ ತಲೆ ಕೆಳಕ್ಕೆ ಬಂದ್ರೆ ರಸ್ತೆ ಉಬ್ಬಿಗೆ ಉಜ್ಜುತ್ತೆ, ಒಳಪಕ್ಕಕ್ಕೆ ಇಡಿ, ಆದ್ರೆ ಸ್ಪ್ಯಾನರ್ ಹೋಗೋಷ್ಟು ಜಾಗ ಬಿಡಿ.

ಸಂಜೀಮುಂದ
ಕಾಕಾನ ಗಾಡಿ ಎಳಿಯಾಕತ್ತೈತ್ರಿ. ಅಟ್ಟದ ಪೈಪ್ ಹಾಕಿದ್ವಿ. ಒಳಗಿಂದ ಕಾರ್ಬನ್ ಒಂದ ಡಬ್ಬಿ ತುಂಬ ಬಂತು.

ನಟ್ಟುಬೋಲ್ಟು
ನಾನು ಹೇಳಲಿಲ್ವಾ, ಕಂಪನಿದೇ ಇರಲಿ ಅಂತ.